ಪಾಲಮ್ಮನ ನಾಲಿಗೆ, ನಾಲ್ಕು ಸಾಸಲು ಮೀನು

ಸಾವಿರದ ಒಂಬೈನೂರ ಹನ್ನೆರಡನೆಯ ಇಸವಿಯ ಸುಮಾರಿಗೆ ಮೊಳಕಾಲ್ಮೂರಿನಲ್ಲಿ ರೇಷ್ಮೆಗೆ ಬಣ್ಣ ಹಾಕುವವರ ಮನೆ ಏಳೆಂಟು ಇದ್ದವು. ಆದರೆ ಅರಗಿನ ಕೆಂಪು ಅಂದರೆ ಪಾಲಮ್ಮನದೇ. ಗಂಡ ಹೋದ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ಬಾನಿ, ಹಂಡೆ, ಒಲೆ ನೋಡಿಕೊಂಡು, ಒಬ್ಬಳೇ ಮಗಳನ್ನು ರಾಂಪುರಕ್ಕೆ ಮದುವೆ ಮಾಡಿಕೊಟ್ಟು, ಐವತ್ತೈದರಲ್ಲೂ ತುಂಬಿದ ಬಿಂದಿಗೆಯನ್ನು ಉಸ್ಸೆನ್ನದೆ ಸೊಂಟಕ್ಕೇರಿಸುತ್ತಿದ್ದಳು. ಅವಳ ಕೈ ಎರಡೂ ಮೊಣಕೈವರೆಗೆ ಕೆಂಪು. ಸ್ನಾನ ಮಾಡಿ ಬಂದರೂ ಕೆಂಪೇ.

ಹೆಸರು ಬಂದದ್ದು ಕೈಯಿಂದಲ್ಲ, ನಾಲಿಗೆಯಿಂದ. ಹಸಿ ರೇಷ್ಮೆಯ ಲಡಿಯನ್ನು ಮೊದಲು ಅಂಟುವಾಳದ ನೀರಿನಲ್ಲಿ ಕುದಿಸಿ ಅದರ ಮೈಯ ಅಂಟು ಬಿಡಿಸಬೇಕು. ಆಮೇಲೆ ತಣ್ಣೀರಿನಲ್ಲಿ ಜಾಲಿಸಬೇಕು, ಒಂದು ನೀರು, ಎರಡು ನೀರು, ಮೂರು ನೀರು, ಅಂಟುವಾಳ ಪೂರ್ತಿ ಹೋಗುವ ತನಕ. ಚೂರು ಉಳಿದರೂ ಬಣ್ಣ ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಟ್ಟು, ನೇಯ್ದ ಸೀರೆಯ ಮೈಯೆಲ್ಲ ಮಚ್ಚೆ. ಹೋಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವಂಥದ್ದಲ್ಲ, ನಾಲಿಗೆಗೆ ಹತ್ತುವ ಕಹಿಯಿಂದಲೇ ತಿಳಿಯಬೇಕು. ಅದಕ್ಕೇ ಬಣ್ಣದವಳು ಕೊನೆಯ ನೀರನ್ನು ಬೊಗಸೆಯಲ್ಲಿ ಎತ್ತಿ, ರೇಷ್ಮೆ ಕೊಟ್ಟವರ ಎದುರಿಗೇ ಮೂರು ಸಲ ಬಾಯಿಗೆ ಹಾಕಿ ಉಗುಳಿ, ‘ಆಯ್ತು’ ಅನ್ನಬೇಕು. ಇದಕ್ಕೆ ಬಾಯೊಪ್ಪಿಗೆ ಎನ್ನುತ್ತಿದ್ದರು. ಅವಳ ಬಾಯಿಂದ ಆ ಮಾತು ಬರದೆ ಲಡಿ ಬಣ್ಣಕ್ಕೆ ಇಳಿಯುವಂತಿರಲಿಲ್ಲ. ಪಾಲಮ್ಮನಿಗೆ ಈ ವಿದ್ಯೆ ಕಲಿಸಿದವಳು ಅವಳ ಅತ್ತೆ. ಹದಿಮೂರರ ಸೊಸೆಯನ್ನು ಬಾವಿಯಿಂದ ಬಾವಿಗೆ ಕರೆದೊಯ್ದು ನೀರು ಕುಡಿಸಿ, ಯಾವುದು ಯಾವ ಬಾವಿಯದು ಹೇಳು ಎಂದು ಪರೀಕ್ಷೆ ಮಾಡುತ್ತಿದ್ದಳಂತೆ.

ಆ ನಾಲಿಗೆ ಈಗ ಸತ್ತುಹೋಗಿತ್ತು.

ಚಳಿಗಾಲದಲ್ಲಿ ಬಂದ ಜ್ವರ ಹನ್ನೊಂದು ದಿನ ಸುಟ್ಟು, ಇಳಿದು ಹೋಗುವಾಗ ರುಚಿಯನ್ನೂ ವಾಸನೆಯನ್ನೂ ಒಟ್ಟಿಗೆ ಕೊಂಡೊಯ್ದಿತ್ತು. ಬೆಲ್ಲ, ಉಪ್ಪು, ಬೇವಿನೆಲೆ, ಎಲ್ಲವೂ ಬಾಯಲ್ಲಿ ಒಂದೇ, ಮರದ ಪುಡಿ ಇಟ್ಟ ಹಾಗೆ. ಇಂದು ಬಂದೀತು, ನಾಳೆ ಬಂದೀತು ಎಂದು ಏಳು ತಿಂಗಳು ಕಾದಳು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಸೂರಪ್ಪನವರ ಮನೆಯ ಒಂದು ಕಂತೆ ರೇಷ್ಮೆ ಆಗಲೇ ಮಚ್ಚೆ ಬಿದ್ದಿತ್ತು. ಸೌದೆ ಹಸಿ ಇತ್ತು ಎಂದು ತಪ್ಪನ್ನು ಒಲೆಯ ಮೇಲೆ ಹಾಕಿ ತಪ್ಪಿಸಿಕೊಂಡಿದ್ದಳು. ಇಪ್ಪತ್ತು ಮಗ್ಗ ಆಡಿಸುವ ಸೂರಪ್ಪ ಒಳ್ಳೆಯ ಮನುಷ್ಯ, ಆದರೆ ಮಾತು ನೇರ.

“ವದಿನಾ,” ಎಂದಿದ್ದ. ಮನೆಯಲ್ಲಿ ತೆಲುಗು ಆಡುವ ಅವನು ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದುದು. “ಇನ್ನೊಂದು ಕಂತೆ ಹಿಂಗಾದ್ರೆ ನಾನು ರೇಷ್ಮೆ ಬಳ್ಳಾರಿಗೆ ಕಳಿಸ್ತೀನಿ. ಬ್ಯಾಸರ ಮಾಡ್ಕಬ್ಯಾಡ. ಕಾರ್ತೀಕಕ್ಕೆ ಹನ್ನೆರಡು ಮದುವೆ ಸೀರೆ ಹೋಗಬೇಕು, ಎಲ್ಲಾ ಕೆಂಪು.”

ಬಳ್ಳಾರಿಗೆ ಹೋದ ಕೆಲಸ ತಿರುಗಿ ಬರುವುದಿಲ್ಲ. ಬಾನಿ ಮಗುಚಿ ಹಾಕಿ, ರಾಂಪುರದಲ್ಲಿ ಮಗಳ ಅತ್ತೆಯ ಕೈಕೆಳಗೆ ಹೋಗಿ ಕೂರುವುದು, ಉಳಿದದ್ದು ಅಷ್ಟೇ.

ಇಂಥ ಹೊತ್ತಿನಲ್ಲಿ ಸೂರಪ್ಪನ ಮನೆಗೆ ಗಾಜಿನ ಪೆಟ್ಟಿಗೆ ಬಂತು.

ಸೂರಪ್ಪನ ಸೊಸೆ ಅಲಮೇಲು ಬೆಂಗಳೂರು ಪೇಟೆಯ ಹುಡುಗಿ, ಶಾಲೆ ಕಲಿತವಳು. ಗಂಡ ಸೀರೆಗಂಟು ಹೊತ್ತು ಊರೂರು ತಿರುಗುವವನು. ಎರಡು ವರ್ಷದ ಮಗಳು ಕನಕ ಸೀನಿದರೆ ಇವಳಿಗೆ ಎದೆ ಧಸಕ್ಕೆನ್ನುತ್ತಿತ್ತು. ಮಗು ಬೀದಿಗೆ ಹೋದರೆ ಎತ್ತಿನ ಗಾಡಿ, ಹಿತ್ತಿಲಿಗೆ ಹೋದರೆ ಚೇಳು, ಊರ ಹಿಂದಿನ ಬಂಡೆಯ ಕಡೆಗಂತೂ ಬೇಡವೇ ಬೇಡ. ಒಳಗೇ ಇದ್ದು ಇದ್ದು ಮಗು ಅಳುವುದನ್ನು ಕೇಳಿ, ಬೆಂಗಳೂರಿನಲ್ಲಿದ್ದ ಮಗುವಿನ ಸೋದರಮಾವ ಮೊಳದುದ್ದದ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ, ಹುಲ್ಲಿನಲ್ಲಿ ಸುತ್ತಿ, ರೈಲಿನಲ್ಲಿ ರಾಯದುರ್ಗಕ್ಕೂ ಅಲ್ಲಿಂದ ಗಾಡಿಯಲ್ಲಿ ಇಲ್ಲಿಗೂ ಕಳಿಸಿದ್ದ. ಅದರೊಳಗೆ ನೀರು ತುಂಬಿ ಮೀನು ಬಿಡುವುದಂತೆ. ಮಗು ಕೂತು ನೋಡುವುದಂತೆ.

“ಸಾರು ಮಾಡೋ ಮೀನಿಗೆ ಗಾಜಿನ ಅರಮನೆ!” ಎಂದು ಸೂರಪ್ಪ ನಕ್ಕಿದ್ದೇ ನಕ್ಕಿದ್ದು.

ಮೀನು ತಂದವನು ಪಾಲಮ್ಮನ ತಮ್ಮ ಯರ್ರಪ್ಪ. ಚಳ್ಳಕೆರೆಯಿಂದ ಎಣ್ಣೆ ಡಬ್ಬಿ ಹೇರಿಕೊಂಡು ಬರುವ ಗಾಡಿಯಲ್ಲಿ ಒಂದು ಮಡಕೆ, ಬಾಯಿಗೆ ತೆಳು ಬಟ್ಟೆ, ಒಳಗೆ ಚಳ್ಳಕೆರೆಯ ಕೆರೆಯಲ್ಲಿ ಹಿಡಿದ ನಾಲ್ಕು ಸಾಸಲು ಮೀನು. ಬೆರಳುದ್ದದ್ದು, ಬೆನ್ನು ಹಸಿರು, ಪಕ್ಕೆಯಲ್ಲಿ ಬೆಳ್ಳಿ. ಅದೇ ಕೆರೆಯ ತಳದ ಹಸಿರು ಗಿಡದ ಎಳೆಯನ್ನೂ ಕಿತ್ತು ತಂದಿದ್ದ.

ಮರುದಿನ ಬೆಳಿಗ್ಗೆ ಪಾಲಮ್ಮ ಒಲೆಗೆ ಸೌದೆ ಇಡುತ್ತಿದ್ದಳು. ಅಲಮೇಲು ಮಗುವನ್ನು ಕಂಕುಳಲ್ಲಿಟ್ಟುಕೊಂಡು, ತಲೆಯ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬಂದಳು.

“ಪಾಲಮ್ಮತ್ತೆ! ಬನ್ನಿ, ಬೇಗ ಬನ್ನಿ! ಮೀನು ಸಾಯ್ತಿವೆ!”

“ಅಯ್ಯೋ ತಾಯಿ, ನಾನು ಬಣ್ಣದವಳು. ಮೀನಿನ ವೈದ್ಯ ನನಗೇನು ಗೊತ್ತೈತೆ?”

“ನೀರಿನ ವಿಷಯ ನಿಮಗೆ ಗೊತ್ತಲ್ಲ! ಮಾವಯ್ಯ ಹೇಳ್ತಾರೆ, ನಿಮ್ಮಷ್ಟು ನೀರು ಬಲ್ಲವರು ಈ ಸೀಮೆಯಲ್ಲೇ ಇಲ್ಲ ಅಂತ.”

ಆ ಮಾತು ಪಾಲಮ್ಮನಿಗೆ ಚುಚ್ಚಿತು. ಆದರೂ ಹೋದಳು. ನಾಲ್ಕು ಮೀನೂ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದವು. ನೀರು ಮಾತ್ರ ಹೊಳೆಯುವಷ್ಟು ತಿಳಿ.

“ಏನು ನೀರಿದು?”

“ಬಾವಿ ನೀರೇ. ಚೆನ್ನಾಗಿ ಕುದಿಸಿ, ಶೋಧಿಸಿ, ಆರಿಸಿ ಹಾಕಿದೆ. ಕನಕನಿಗೆ ಕೊಡೋ ಹಾಗೇ.”

ಪಾಲಮ್ಮ ಪಕಪಕ ನಕ್ಕುಬಿಟ್ಟಳು. ಮೂವತ್ತು ನಲವತ್ತು ವರ್ಷ ಹಂಡೆಯ ಮುಂದೆ ಕೂತವಳು. ಕುದಿಯುವ ಮುಂಚೆ ನೀರು ತನ್ನೊಳಗಿನ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆ ಮಾಡಿ ಬಿಡುವುದನ್ನು ದಿನಾ ಕಂಡವಳು. “ಕುದಿಸಿದ ನೀರಲ್ಲಿ ಉಸಿರಿರಲ್ಲ ತಾಯಿ. ನಮ್ಮ ಯರ್ರಪ್ಪನ ಗಾಡಿ ಆ ಕಲ್ಲು ದಾರೀಲಿ ಎತ್ತಿ ಕುಕ್ಕಿ ನೀರಿಗೆ ಗಾಳಿ ಸೇರಿದ್ದಕ್ಕೇ ಇವು ಬದುಕಿ ಬಂದಿರೋದು. ಚೆಂಬು ಕೊಡು ಇಲ್ಲಿ.”

ಚೆಂಬಿನಲ್ಲಿ ನೀರು ಮೊಗೆದು, ಲಡಿ ಎತ್ತಿ ಇಳಿಸುವ ಹಾಗೆ ಕೈ ಮೇಲೆತ್ತಿ, ಮೊಳದೆತ್ತರದಿಂದ ಸಣ್ಣ ಧಾರೆಯಾಗಿ ಬಿಟ್ಟಳು. ಮತ್ತೆ ಮೊಗೆದಳು, ಮತ್ತೆ ಬಿಟ್ಟಳು. ನೂರು ಸಲವಾದರೂ ಆಗಿರಬೇಕು. ತೋಳು ನೋಯತೊಡಗಿದಾಗ ಒಂದು ಮೀನು ಬಾಲ ಬಡಿದು ತಳಕ್ಕೆ ಇಳಿಯಿತು. ಅದರ ಹಿಂದೆ ಇನ್ನೊಂದು.

“ಹೋಯ್ತು! ಕೆಳಗೆ ಹೋಯ್ತು!” ಅಲಮೇಲು ಚಪ್ಪಾಳೆ ತಟ್ಟಿದಳು. ಮಗುವೂ ತಟ್ಟಿತು. ಪಾಲಮ್ಮನಿಗೆ ಏಳು ತಿಂಗಳಲ್ಲಿ ಮೊದಲ ಸಲ ಮೈ ಜುಮ್ಮೆಂದಿತು. ತನಗೆ ಇನ್ನೂ ನೀರು ಗೊತ್ತಿದೆ!

ಅಲ್ಲಿಂದ ದಿನಾ ಬೆಳಿಗ್ಗೆ ಕಾಲು ತಾನಾಗಿ ಅವಳನ್ನು ಸೂರಪ್ಪನ ಮನೆಗೆ ಎಳೆಯುತ್ತಿತ್ತು. ಹಳ್ಳದ ಮರಳನ್ನು ಏಳು ಸಲ ತೊಳೆದು, ಕೆಸರು ಬಿಡದಂತಾದ ಮೇಲೆ ಪೆಟ್ಟಿಗೆಯ ತಳಕ್ಕೆ ಎರಡು ಬೆರಳು ದಪ್ಪ ಹಾಸಿದಳು. ಗಿಡದ ಎಳೆಗಳನ್ನು ಅದರಲ್ಲಿ ನಾಟಿದಳು. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿನಿಂದ ಸರಿಸಿ ನಡುಮನೆಯ ಮಂದ ಬೆಳಕಿಗೆ ತಂದಳು. ಬಿಸಿಲಲ್ಲಿ ನೀರು ಒಂದೇ ವಾರಕ್ಕೆ ಪಾಚಿಗಟ್ಟಿತ್ತು.

ಅಲಮೇಲುವಿಗೆ ಎಲ್ಲದಕ್ಕೂ ಹೆದರಿಕೆ.

“ಇಷ್ಟೇ ತಿಂದರೆ ಹೇಗೆ ಪಾಲಮ್ಮತ್ತೆ? ಒಂದು ಚಿಟಿಕೆ ಅಕ್ಕಿನುಚ್ಚು! ಹಸಿವಾಗಲ್ವಾ?”

“ಅದರ ಹೊಟ್ಟೆ ಅದರ ಕಣ್ಣಷ್ಟು ಐತೆ. ನೀನು ಹಿಡಿ ಹಾಕ್ತೀಯ, ಅದು ಚಿಟಿಕೆ ತಿಂತದೆ, ಉಳಿದದ್ದು ತಳದಲ್ಲಿ ಕೊಳೀತದೆ. ಮಗೀಗೂ ನೀನು ಹಿಂಗೇ ತುರುಕ್ತೀಯ.”

“ನೀರು ಹಳೇದಾಯ್ತು, ಪೂರ್ತಿ ಚೆಲ್ಲಿ ಹೊಸದು ಹಾಕೋಣ್ವಾ?”

“ಪೂರ್ತಿ ಬ್ಯಾಡ. ನಾನು ಬಣ್ಣದ ಬಾನಿ ನೀರು ಎಂದಾದ್ರೂ ಪೂರ್ತಿ ಚೆಲ್ತೀನಾ? ಹಳೇದರ ಜತೆ ಹೊಸದು ಸೇರಬೇಕು. ವಾರಕ್ಕೊಂದು ಸಲ ನಾಲ್ಕರಲ್ಲೊಂದು ಪಾಲು ತೆಗೆ, ಅಷ್ಟೇ ಹಾಕು. ಹಾಕೋ ನೀರೂ ಒಳಗಿನ ನೀರೂ ಮುಟ್ಟಿದರೆ ಒಂದೇ ತಂಪು ಇರಬೇಕು.”

ಕನಕ ದಿನವಿಡೀ ಗಾಜಿಗೆ ಮೂಗು ಒತ್ತಿಕೊಂಡು ಕೂತಿರುತ್ತಿತ್ತು. ಅಲಮೇಲು ಮಗುವಿನ ಮೂಗು ತಣ್ಣಗಾಯಿತೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ನಾಲ್ಕನೆಯ ವಾರ ಅನಾಹುತವಾಯಿತು.

ಅಂದು ಸೂರಪ್ಪನ ಮನೆಯ ಬಾವಿಯ ಹಗ್ಗ ಹರಿದಿತ್ತು. ಪಾಲಮ್ಮ ತನ್ನ ಮನೆಯಿಂದಲೇ ಬಿಂದಿಗೆ ತುಂಬಿ ತಂದಳು. ಬಣ್ಣದ ಮನೆಯಲ್ಲಿ ಬಿಂದಿಗೆಗಳು ಐದಾರು, ಅಂಟುವಾಳದ್ದು ಬೇರೆ, ತಣ್ಣೀರಿನದು ಬೇರೆ. ನಾಲಿಗೆ ಇದ್ದಾಗ ಅವಳು ಯಾವುದನ್ನೂ ಗುರುತಿಟ್ಟವಳಲ್ಲ; ಬಾಯಿಗೆ ಒಂದು ಹನಿ ಮುಟ್ಟಿಸಿದರೆ ತಿಳಿಯುತ್ತಿತ್ತು.

“ರುಚಿ ನೋಡಿದ್ರಾ ಪಾಲಮ್ಮತ್ತೆ?” ಅಲಮೇಲು ಪ್ರತಿ ಸಲದಂತೆ ಕೇಳಿದಳು.

ಪಾಲಮ್ಮ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ ಉಗುಳಿದಳು. “ಸಿಹಿ ನೀರು. ಹಾಕು.”

ನೀರು ಬಿದ್ದು ಮೂರು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಮೀನುಗಳು ಹುಚ್ಚು ಹಿಡಿದಂತೆ ಗಾಜಿಗೆ ಬಡಿದುಕೊಂಡವು. ಮೇಲೆ ಹಾರಿದವು, ಬಾಯಿ ತೆರೆದವು. ಪೆಟ್ಟಿಗೆಯ ಅಂಚಿನಲ್ಲಿ ಸಣ್ಣ ಬಿಳಿ ನೊರೆ. ಅಲಮೇಲು ಅದೇ ಬಿಂದಿಗೆಯ ನೀರನ್ನು ಬೆರಳಿನಲ್ಲಿ ಅದ್ದಿ ನಾಲಿಗೆಗೆ ಇಟ್ಟು ಥೂ ಎಂದು ಉಗುಳಿದಳು. “ಕಹಿ! ವಿಷದ ಹಾಗೆ ಕಹಿ! ಅಂಟುವಾಳ!”

ಆಮೇಲೆ ಇಬ್ಬರ ಕೈಯೂ ಒಟ್ಟಿಗೆ ಓಡಿತು. ಅಡುಗೆಮನೆಯ ಕುಡಿಯುವ ನೀರಿನ ಗುಡಾಣ ಎಳೆದು ತಂದು, ಸೆರಗನ್ನೇ ಬಲೆ ಮಾಡಿ ಹಿಡಿದು ಬಿಟ್ಟರು. ಮೂರು ಮೀನು ತೇಕುತ್ತ ತೇಕುತ್ತ ಬದುಕಿದವು. ನಾಲ್ಕನೆಯದು ಮಗುಚಿಕೊಂಡು ಬೆಳ್ಳಿಯ ಹೊಟ್ಟೆ ಮೇಲೆ ಮಾಡಿತು. ಕನಕ ಅದನ್ನೇ ನೋಡಿ, “ಅವ್ವ, ಮೀನು ಜೋಜೋ,” ಎಂದಿತು.

ಅಲಮೇಲು ಬಿಕ್ಕುತ್ತ ತಿರುಗಿದಳು. “ನಿಮಗೆ ಕಹಿ ಗೊತ್ತಾಗಲಿಲ್ವಾ? ಬಾಯಿಗೆ ಹಾಕಿಕೊಂಡ್ರಲ್ಲ! ಸಿಹಿ ಅಂದ್ರಲ್ಲ!”

ಪಾಲಮ್ಮ ನೆಲದ ಮೇಲೆ ಕೂತಳು. “ಗೊತ್ತಾಗಲಿಲ್ಲ ತಾಯಿ. ಎಂಟು ತಿಂಗಳಾತು, ಏನೂ ಗೊತ್ತಾಗಲ್ಲ. ಆ ಮಚ್ಚೆ ಬಿದ್ದ ಕಂತೆ ಐತಲ್ಲ, ಅದು ಸೌದೆಯಿಂದಲ್ಲ.”

ಅಲಮೇಲುವಿನ ಅಳು ಗಕ್ಕನೆ ನಿಂತಿತು. ಮಾವಯ್ಯನಿಗೆ ಹೇಳಬೇಕೇ? ಹೇಳದಿದ್ದರೆ ಹನ್ನೆರಡು ಮದುವೆ ಸೀರೆ! ಹೇಳಿದರೆ ಈ ಮುದುಕಿಯ ಗತಿ? ಅವಳ ಮುಖದಲ್ಲಿ ಎರಡೂ ಒಟ್ಟಿಗೆ ಓಡಾಡುವುದು ಪಾಲಮ್ಮನಿಗೆ ಕಾಣುತ್ತಿತ್ತು. ಬೈಗುಳಕ್ಕೆ ಕಾದು ತಲೆ ತಗ್ಗಿಸಿದವಳ ಕಣ್ಣು ಗುಡಾಣದ ಮೇಲೆ ಬಿತ್ತು. ಮೂರು ಮೀನು ಈಗ ತಳದಲ್ಲಿ ಮೆಲ್ಲಗೆ ಆಡುತ್ತಿದ್ದವು. ಪೆಟ್ಟಿಗೆಯ ಅಂಚಿನಲ್ಲಿ ನೊರೆ ಇನ್ನೂ ಇತ್ತು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು.

“ಅಲಮೇಲವ್ವಾ!” ದಡಕ್ಕನೆ ಎದ್ದಳು. “ನನಗೆ ಗೊತ್ತಾಗಲಿಲ್ಲ, ಇವಕ್ಕೆ ಗೊತ್ತಾತು! ಬಿಂದಿಗೆ ತಳದಾಗೆ ಎಷ್ಟಿತ್ತು ಅಂಟುವಾಳ? ಒಂದು ಚೂರು. ಅಷ್ಟಕ್ಕೇ ಗೊತ್ತಾತಲ್ಲ!”

“ಅಂದ್ರೆ?”

“ಅಂದ್ರೆ ಜಾಲಿಸಿದ ನೀರಿಗೆ ಇವನ್ನ ಬಿಟ್ರೆ, ಆತೋ ಇಲ್ವೋ ಅಂತ ಇವೇ ಹೇಳ್ತಾವೆ!”

“ನನ್ನ ಮೀನನ್ನ ಕೊಲ್ಲೋದಕ್ಕಾ? ಬೇಡಪ್ಪಾ ಬೇಡ!”

“ಕೊಲ್ಲಲ್ಲ ತಾಯಿ. ಪಕ್ಕದಲ್ಲೇ ಸಿಹಿನೀರಿನ ಮಡಕೆ ಇಟ್ಕಂಡು ನೀನೇ ನಿಂತ್ಕ. ಮೇಲಕ್ಕೆ ಬಂದು ಬಾಯಿ ತೆರೆದದ್ದೇ ಎತ್ತಿಬಿಡು. ನಿನಗಿಂತ ಹೆದರೋರು ಈ ಊರಾಗೆ ಯಾರವ್ರೆ? ಈ ಕೆಲಸಕ್ಕೆ ಹೆದರೋರೇ ಬೇಕು.”

ಅಲಮೇಲು ಅಳುತ್ತಲೇ ನಕ್ಕಳು.

ಎರಡು ವಾರ ಇಬ್ಬರೂ ಗುಟ್ಟಾಗಿ ಕಲಿತರು. ಹಳೆಯ ಒಂದು ಲಡಿಯನ್ನು ಕುದಿಸಿ ಜಾಲಿಸಿ, ಪ್ರತಿ ನೀರಿನಿಂದ ಒಂದೊಂದು ಚೆಂಬು ತಂದು, ಗಾಳಿ ಹೊಡೆಸಿ, ಒಂದು ಮೀನು ಬಿಟ್ಟು ನೋಡಿದರು. ಮೂರನೆಯ ನೀರಿನಲ್ಲಿ ಐದು ಎಣಿಸುವಷ್ಟರಲ್ಲಿ ಮೇಲೆ ಬಂತು. ನಾಲ್ಕನೆಯದರಲ್ಲಿ ಹನ್ನೆರಡು. ಆರನೆಯದರಲ್ಲಿ ನೂರು ಎಣಿಸಿದರೂ ತಳದಲ್ಲೇ ಇತ್ತು. ಅಲಮೇಲು ಬೆರಳಿನಲ್ಲಿ ರುಚಿ ನೋಡಿದರೆ ನಾಲ್ಕನೆಯ ನೀರಿನಲ್ಲೇ ಅವಳಿಗೆ ಕಹಿ ಸಿಗುತ್ತಿರಲಿಲ್ಲ, ಮೀನಿಗೆ ಸಿಗುತ್ತಿತ್ತು. ಪ್ರತಿ ಸಲ ಬೇರೆ ಮೀನು, ಒಮ್ಮೆ ಮೇಲೆ ಬಂದದ್ದಕ್ಕೆ ನಾಲ್ಕು ದಿನ ವಿಶ್ರಾಂತಿ. ಅದು ಅಲಮೇಲುವಿನ ಕಾನೂನು.

ಉಪಾಯವೂ ತಯಾರಿತ್ತು. ಮದುವೆ ಸೀರೆಯ ರೇಷ್ಮೆ ಜಾಲಿಸುವ ದಿನ, ಸೂರಪ್ಪ ಬರುವ ಮುಂಚೆಯೇ ಮೀನಿನಿಂದ ನೋಡಿಸಿಕೊಳ್ಳುವುದು. ಅವನು ಬಂದಾಗ ಪಾಲಮ್ಮ ಸುಮ್ಮನೆ ಮೂರು ಸಲ ಬಾಯಿಗೆ ಹಾಕಿ ‘ಆಯ್ತು’ ಅನ್ನುವುದು. ಯಾರಿಗೂ ಏನೂ ತಿಳಿಯುವುದಿಲ್ಲ.

ಆದರೆ ಆ ದಿನ ಸೂರಪ್ಪ ಬೇಗ ಬಂದುಬಿಟ್ಟ. ಜೊತೆಗೆ ಅವನ ಹಿರಿಯ ನೇಕಾರರಿಬ್ಬರು. ಪಾಲಮ್ಮ ನಾಲ್ಕನೆಯ ನೀರಿನಲ್ಲಿ ಜಾಲಿಸಿ ಲಡಿ ಎತ್ತುತ್ತಿದ್ದಳು. ಅಲಮೇಲು ಇನ್ನೂ ಮನೆಯಲ್ಲಿದ್ದಳು.

“ಏಮಿ ವದಿನಾ, ಆಯ್ತಾ? ನೀರು ಕನ್ನಡಿ ಹಂಗೈತೆ. ಒಪ್ಪಿಗೆ ಕೊಟ್ಬಿಡು, ಬಿಸಿಲು ಏರೋದ್ರೊಳಗೆ ಬಣ್ಣಕ್ಕಿಳೀಲಿ.”

ಪಾಲಮ್ಮ ಬೊಗಸೆ ತುಂಬಿದಳು. ಒಂದು ಸಲ. ಎರಡು ಸಲ. ಬಾಯಲ್ಲಿ ಮರದ ಪುಡಿ. ಮೂವರು ಗಂಡಸರು ಅವಳ ತುಟಿಯನ್ನೇ ನೋಡುತ್ತಿದ್ದರು. ಒಂದು ಮಾತು ಅಂದರೆ ಮುಗಿಯಿತು. ನಾಲ್ಕನೆಯ ನೀರಿಗೇ ಹೋಗಿದ್ದರೂ ಹೋಗಿರಬಹುದು. ಮೊನ್ನೆ ಹೋಗಿರಲಿಲ್ಲ, ಇಂದು ಹೋಗಿರಬಾರದೇಕೆ? ಮೂರನೆಯ ಬೊಗಸೆ ಬಾಯಿಗೆ ಹೋಯಿತು. ಆಗ ಅವಳ ಕಣ್ಣಿಗೆ ಬಂದದ್ದು ಹನ್ನೆರಡು ಸೀರೆಯಲ್ಲ, ಮಗುಚಿ ಬಿದ್ದ ಆ ಬೆಳ್ಳಿಯ ಹೊಟ್ಟೆ. ‘ಸಿಹಿ ನೀರು’ ಎಂದು ಅಂದವಳು ತಾನೇ.

ಉಗುಳಿದಳು.

“ಸೂರಪ್ಪಾರೇ, ನನಗೆ ಗೊತ್ತಾಗ್ತಿಲ್ಲ. ನನ್ನ ನಾಲಿಗೆ ಸತ್ತು ಎಂಟು ತಿಂಗಳು ದಾಟ್ತು. ಆ ಮಚ್ಚೆ ನನ್ನದೇ ತಪ್ಪು. ಬಳ್ಳಾರಿಗೆ ಕಳಿಸೋದಾದ್ರೆ ನಾಳೆ ಕಳಿಸ್ರಿ. ಇವತ್ತು ಮಾತ್ರ ಈ ನೀರನ್ನ ಮೀನಿಗೆ ತೋರಿಸ್ತೀನಿ.”

“ಏನಿಗೆ?”

“ಮೀನಿಗೆ.”

ನೇಕಾರರಲ್ಲಿ ಒಬ್ಬ, “ಮುದುಕಿಗೆ ಜ್ವರ ತಲೆಗೇರೈತೆ,” ಎಂದ. ಅಷ್ಟರಲ್ಲಿ ಬಾಗಿಲಲ್ಲಿ ಅಲಮೇಲು, ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೂರೂ ಮೀನಿದ್ದ ಚೆಂಬು. ಮಾವನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

“ಬಾ ತಾಯಿ,” ಎಂದಳು ಪಾಲಮ್ಮ. “ಎಲ್ಲಾ ಹೇಳಿಬಿಟ್ಟೆ. ಬಿಡು ನಿನ್ನ ಮೀನ.”

ಅಲಮೇಲು ಮಗುವನ್ನು ಕೆಳಗಿಳಿಸಿದಳು. ಅಗಲ ಬಟ್ಟಲಿಗೆ ನಾಲ್ಕನೆಯ ನೀರು ಹಾಕಿ, ಎತ್ತರದಿಂದ ಧಾರೆ ಬಿಟ್ಟು, ಮೀನನ್ನು ಇಳಿಸಿದಳು. “ಒಂದು, ಎರಡು...” ಹತ್ತಕ್ಕೆ ಮೀನು ಸರ್ರನೆ ಮೇಲೆ ಬಂದು ಬಾಯಿ ತೆರೆಯಿತು. ಹನ್ನೊಂದು ಅನ್ನುವಷ್ಟರಲ್ಲಿ ಅಲಮೇಲು ಅದನ್ನು ಎತ್ತಿ ಪಕ್ಕದ ಮಡಕೆಯ ಸಿಹಿನೀರಿಗೆ ಹಾಕಿಯಾಗಿತ್ತು.

ಸೂರಪ್ಪ ತಾನೇ ಬಾಗಿ ನಾಲ್ಕನೆಯ ನೀರನ್ನು ಬಾಯಿಗೆ ಹಾಕಿದ. ಹುಬ್ಬು ಗಂಟಿಕ್ಕಿದ. “ನನಗೇನೂ ತಿಳೀಲಿಲ್ಲ.” ನೇಕಾರರೂ ಹಾಕಿಕೊಂಡರು. ಮೊದಲಿನವನು ಇಲ್ಲವೆಂದ. ಇನ್ನೊಬ್ಬ, ಎಲೆ ಅಡಿಕೆ ಹಾಕದವನು, ಬಹಳ ಹೊತ್ತು ನಾಲಿಗೆ ಚಪ್ಪರಿಸಿ, “ಕೊನೇಗೆ, ಗಂಟಲ ಹತ್ರ... ಹೌದು, ಕಹಿ ಐತೆ!” ಎಂದ.

ಐದನೆಯ ನೀರು ಬಂತು. ಬೇರೆ ಮೀನು. ಮೂವತ್ತೆಂಟಕ್ಕೆ ಮೇಲೆ ಬಂತು. ಈಗ ಬಟ್ಟಲಿನ ಸುತ್ತ ಐದು ತಲೆ. ಆರನೆಯ ನೀರಿಗೆ ಮೂರನೆಯ ಮೀನು. ಎಣಿಸುವುದನ್ನು ಸೂರಪ್ಪ ಅಲಮೇಲುವಿನಿಂದ ಕಿತ್ತುಕೊಂಡುಬಿಟ್ಟಿದ್ದ. “ತೊಂಬತ್ತೆಂಟು... ತೊಂಬತ್ತೊಂಬತ್ತು... ನೂರು! ಕೆಳಗೇ ಐತೆ! ಲೇ, ನೋಡ್ರಲೇ, ಕೆಳಗೇ ಐತೆ!”

“ಮೀನು ಜೋಜೋ ಇಲ್ಲ,” ಎಂದಿತು ಕನಕ.

ಸಂಜೆಯ ಹೊತ್ತಿಗೆ ಲಡಿಗಳು ಅರಗಿನ ಹಂಡೆಯಿಂದ ಮೇಲೆದ್ದವು. ಪಾಲಮ್ಮ ಒಂದೊಂದನ್ನೇ ಹಿಂಡಿ, ಕೊಡವಿ, ಬಿದಿರಿನ ಗಳುವಿಗೆ ಹಾಕಿದಳು. ಸೂರಪ್ಪ ಒಂದೊಂದು ಎಳೆಯನ್ನೂ ಬೆಳಕಿಗೆ ಹಿಡಿದು, ಬಿಡಿಸಿ, ತಿರುಗಿಸಿ ನೋಡಿದ. ಎಲ್ಲಿಯೂ ಮಚ್ಚೆಯಿರಲಿಲ್ಲ. ಗಳುವಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೆಂಪು.

“ಬಳ್ಳಾರಿ ಮಾತು ಬಿಡು ವದಿನಾ,” ಎಂದ ಕೊನೆಗೆ. ಆಮೇಲೆ ಗಟ್ಟಿಯಾಗಿ, “ಆದ್ರೂ ಎಂಟು ತಿಂಗಳು ಮುಚ್ಚಿಟ್ಯಲ್ಲ! ನಮ್ಮನೇಲಿ ಉಣ್ಣೋವಾಗ ಸಾರು ಭಾಳ ರುಚಿ ಐತೆ ಅಂತಿದ್ದೆ!”

“ಮರ್ಯಾದಿಗೆ ಅಂದೆ. ನಿಮ್ಮನೆ ಸಾರು ಮೊದಲೂ ಹಂಗೇ ಇತ್ತು.”

ಮರುವಾರ ಯರ್ರಪ್ಪನ ಗಾಡಿ ಚಳ್ಳಕೆರೆಗೆ ಹೊರಡುವಾಗ ಸೂರಪ್ಪ ಬೀದಿಯ ತನಕ ಓಡಿ ಬಂದ. “ಯರ್ರಪ್ಪಾ, ಬರುವಾಗ ಮೀನು ತಗಂಬಾ! ಇಪ್ಪತ್ತು ತಗಂಬಾ! ಮಗ್ಗಕ್ಕೊಂದು!”

“ಬೇಡ ಮಾವಯ್ಯ!” ಬಾಗಿಲಿನಿಂದ ಅಲಮೇಲು ಕೂಗಿದಳು. ಮಾವನೆದುರು ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. “ಆ ಪೆಟ್ಟಿಗೆ ನೀರಲ್ಲಿ ನಾಲ್ಕಕ್ಕೇ ಜಾಗ. ಯರ್ರಪ್ಪಣ್ಣಾ, ಒಂದೇ ಒಂದು ತನ್ನಿ. ಗಾಡಿ ಚೆನ್ನಾಗಿ ಕುಲುಕಲಿ!”

ಪಾಲಮ್ಮ ಒಳಗೆ ಗಾಜಿನ ಮುಂದೆ ಕನಕನ ಪಕ್ಕದಲ್ಲಿ ಕೂತಿದ್ದಳು. ಕೆಂಪು ಬೆರಳಿನ ತುದಿಯಲ್ಲಿ ಒಂದು ಚಿಟಿಕೆ ನುಚ್ಚು. ಅದನ್ನು ಮಗುವಿನ ಅಂಗೈಗೆ ಉದುರಿಸಿ, “ಅರ್ಧ ಹಾಕು, ಅರ್ಧ ಇಟ್ಕ,” ಎಂದಳು. ಮಗು ಎಲ್ಲವನ್ನೂ ಒಟ್ಟಿಗೆ ಹಾಕಿತು.